ಮೂಳೆಯ ಪೊಳ್ಳಿಗೆ ಯಾವ ಹರಳು? ಡಬ್ಬಿಯಲ್ಲಿ ಬರುವ ಕೃತಕ ಬೋನ್ ಗ್ರಾಫ್ಟ್‌ಗಳ ಪರಾಮರ್ಶೆ

ಮೊಣಕಾಲಿನ ಕೆಳಗಿನ ಮೂಳೆ ಟಿಬಿಯಾ. ಅದರ ಮೇಲ್ತುದಿ ಬೈಕ್ ಅಪಘಾತದಲ್ಲಿ ಒಳಕ್ಕೆ ಕುಸಿದು ಮುರಿಯುವುದು ಯಾವ ಜಿಲ್ಲಾಸ್ಪತ್ರೆಗೂ ಹೊಸದಲ್ಲ. ಕುಸಿದ ಕೀಲಿನ ಮೇಲ್ಮೈಯನ್ನು ಕೆಳಗಿನಿಂದ ಒತ್ತಿ ಮೇಲೆತ್ತಿ ಜಾಗಕ್ಕೆ ಕೂರಿಸಿದ ಮೇಲೆ ಅದರಡಿ ಒಂದು ಪೊಳ್ಳು ಉಳಿಯುತ್ತದೆ. ಅಲ್ಲಿದ್ದ ಜಾಲರಿಯಂಥ ಮೂಳೆ ಜಜ್ಜಿಹೋಗಿರುತ್ತದೆ. ಪೊಳ್ಳನ್ನು ಹಾಗೇ ಬಿಟ್ಟು ಪ್ಲೇಟು, ಸ್ಕ್ರೂ ಹಾಕಿ ಮುಚ್ಚಿದರೆ ಎತ್ತಿದ ಚೂರು ಮತ್ತೆ ಇಳಿಯುವ ಸಾಧ್ಯತೆ ಜಾಸ್ತಿ. ಕೀಲು ಸಮತಟ್ಟಾಗಿಲ್ಲದಿದ್ದರೆ ಮುಂದೆ ಮಂಡಿ ಸವೆತ ಕಟ್ಟಿಟ್ಟದ್ದು.

ಹಳೆಯ ಉಪಾಯ, ರೋಗಿಯದೇ ಸೊಂಟದ ಮೂಳೆಯ ಅಂಚಿನಿಂದ ಕೆರೆದು ತಂದು ತುಂಬುವುದು. ಒಂದೆರಡು ಅಪವಾದ ಬಿಟ್ಟರೆ ಇಂದಿಗೂ ಅದನ್ನು ಮೀರಿಸುವ ವಸ್ತು ಮಾರುಕಟ್ಟೆಯಲ್ಲಿಲ್ಲ. ಆದರೆ ಅದಕ್ಕೆ ಎರಡನೇ ಗಾಯ ಬೇಕು. ಕಾಲು ಸರಿಹೋದ ಮೇಲೂ ಸೊಂಟ ನೋಯುತ್ತದೆ ಎನ್ನುವವರು ಕಡಿಮೆಯಿಲ್ಲ. ಮಕ್ಕಳಲ್ಲಿ ಸಿಗುವ ಪ್ರಮಾಣ ಕಮ್ಮಿ, ವಯಸ್ಸಾದವರಲ್ಲಿ ಸಿಗುವುದು ಹೆಚ್ಚಾಗಿ ಕೊಬ್ಬು. ಹಾಗಾಗಿ ಮೂಳೆಯ ಬದಲಿಗೆ ತುಂಬುವ ಕೃತಕ ಬೋನ್ ಗ್ರಾಫ್ಟ್‌ಗಳಿಗೆ, ಅಂದರೆ ಡಬ್ಬಿಯ ಹರಳು, ಪುಡಿ, ಪೇಸ್ಟುಗಳಿಗೆ ಬೇಡಿಕೆ ಬಂತು. ಇಲ್ಲಿ ನೋಡುತ್ತಿರುವುದು ಅವನ್ನೇ: ಬೀಟಾ-ಟಿಸಿಪಿ, ಹೈಡ್ರಾಕ್ಸಿಅಪಟೈಟ್, ಕ್ಯಾಲ್ಸಿಯಂ ಸಲ್ಫೇಟ್, ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್, ಬಯೋಆಕ್ಟಿವ್ ಗಾಜು. ಕಂಪನಿಯ ಹೆಸರಿಗಿಂತ ಒಳಗಿನ ವಸ್ತು ಮುಖ್ಯ. ಒಂದೇ ವಸ್ತು ಹತ್ತು ಹೆಸರಲ್ಲಿ ಸಿಗುತ್ತದೆ.

ಮೊದಲೇ ಹೇಳಿಬಿಡಬೇಕಾದ ಮಾತು: ಇವುಗಳ ವೈಫಲ್ಯಗಳಲ್ಲಿ ಬಹುಪಾಲು ವಸ್ತುವಿನ ದೋಷದಿಂದ ಆದವಲ್ಲ, ತಪ್ಪು ಜಾಗಕ್ಕೆ ಹಾಕಿದ್ದರಿಂದ ಆದವು. ಡಬ್ಬಿ ಆರಿಸುವ ಮೊದಲು ಪೊಳ್ಳನ್ನು ನೋಡಬೇಕು. ಅದಕ್ಕೆ ಸುತ್ತಲೂ ಜೀವಂತ ಮೂಳೆಯ ಗೋಡೆ ಇದೆಯೇ? ಅಲ್ಲಿ ಭಾರ ಬೀಳುತ್ತದೆಯೇ, ಬಿದ್ದರೆ ಹೊರಲು ಪ್ಲೇಟು ಇದೆಯೇ? ಕೀವು ಇದೆಯೇ, ಅಥವಾ ಇತ್ತೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧಕ್ಕರ್ಧ ಡಬ್ಬಿಗಳು ಪಟ್ಟಿಯಿಂದ ತಾನಾಗಿ ಬಿದ್ದುಹೋಗುತ್ತವೆ.

ರೋಗಿಯ ಸ್ವಂತ ಮೂಳೆ ಮೂರು ಕೆಲಸ ಮಾಡುತ್ತದೆ. ಮೂಳೆ ಕಟ್ಟುವ ಜೀವಕೋಶಗಳನ್ನು ಜತೆಗೇ ತರುತ್ತದೆ, ಸುತ್ತಲಿನ ಕೋಶಗಳನ್ನು ಮೂಳೆ ಕಟ್ಟುವಂತೆ ಪ್ರಚೋದಿಸುತ್ತದೆ, ಹೊಸ ಮೂಳೆ ಹಬ್ಬಲು ಹಂದರವಾಗುತ್ತದೆ. ಕೃತಕ ಹಂದರಕ್ಕೆ (ಸ್ಕ್ಯಾಫೋಲ್ಡ್) ಖಚಿತವಾಗಿ ಬರುವುದು ಮೂರನೆಯದೊಂದೇ. ಬ್ರೋಷರ್‌ನಲ್ಲಿ ಏನೇ ಬರೆದಿರಲಿ, ಬರಿಯ ಸೆರಾಮಿಕ್ ಹರಳನ್ನು ಒಣಗಿದ, ರಕ್ತಸಂಚಾರ ಸತ್ತ ಜಾಗದಲ್ಲಿಟ್ಟರೆ ಅದು ವರ್ಷ ಕಳೆದರೂ ಹರಳಾಗಿಯೇ ಉಳಿಯುತ್ತದೆ. ಎರಡು ತುಂಡುಗಳ ನಡುವೆ ಇಡೀ ಮೂಳೆಯೇ ಕಳೆದುಹೋಗಿ 4-5 ಸೆಂಟಿಮೀಟರ್ ಅಂತರ ಬಿದ್ದಿದ್ದರೆ ಹರಳಿನ ಡಬ್ಬಿ ಪರಿಹಾರವೇ ಅಲ್ಲ. ಅಲ್ಲಿ ಎರಡು ಹಂತದಲ್ಲಿ ಮೂಳೆ ತುಂಬುವ ಮಾಸ್ಕ್ವೆಲೆ ವಿಧಾನವೋ, ಹೊರಗಿನಿಂದ ರಿಂಗು ಕಟ್ಟಿ ಮೂಳೆಯನ್ನು ನಿಧಾನವಾಗಿ ಎಳೆದು ಬೆಳೆಸುವ ಇಲಿಜಾರೋವ್ ವಿಧಾನವೋ ಬೇಕು. ಮಾಸ್ಕ್ವೆಲೆಯಲ್ಲೂ ಎರಡನೇ ಹಂತದಲ್ಲಿ ತುಂಬುವುದು ಮುಖ್ಯವಾಗಿ ರೋಗಿಯ ಮೂಳೆಯನ್ನೇ. ಅದು ಸಾಲದೇ ಬಂದರೆ ಮೂರು ಪಾಲು ಸ್ವಂತ ಮೂಳೆಗೆ ಒಂದು ಪಾಲು ಹರಳು ಬೆರೆಸಬಹುದು, ಅದಕ್ಕಿಂತ ಮೇಲೆ ಹೋಗಬಾರದು.

ಬೀಟಾ-ಟಿಸಿಪಿ: ದಿನಬಳಕೆಗೆ ಇದು

ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್‌ನಲ್ಲಿ ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಅನುಪಾತ 1.5. ದೇಹ ಇದನ್ನು ನಿಧಾನವಾಗಿ ಕರಗಿಸಿ ಆ ಜಾಗಕ್ಕೆ ಮೂಳೆ ತರುತ್ತದೆ. ಸಾಮಾನ್ಯವಾಗಿ 6ರಿಂದ 18 ತಿಂಗಳು ಹಿಡಿಯುತ್ತದೆ, ದೊಡ್ಡ ಪೊಳ್ಳಾದರೆ ಇನ್ನೂ ಹೆಚ್ಚು. ಮೂಳೆ ಬೆಳೆಯುವ ವೇಗಕ್ಕೂ ಹರಳು ಕರಗುವ ವೇಗಕ್ಕೂ ಇಷ್ಟು ಚೆನ್ನಾಗಿ ತಾಳೆಯಾಗುವ ಇನ್ನೊಂದು ವಸ್ತು ಈ ಗುಂಪಿನಲ್ಲಿಲ್ಲ. ಗೋಡೆ ಇರುವ, ಕೀವಿಲ್ಲದ, ಪ್ಲೇಟಿನ ಆಸರೆ ಇರುವ ಪೊಳ್ಳಿಗೆ ನಮ್ಮ ಮೊದಲ ಆಯ್ಕೆ ಇದೇ. ಕೆರೆದು ತೆಗೆದ ಸಾಧು (ಕ್ಯಾನ್ಸರ್ ಅಲ್ಲದ) ಗಡ್ಡೆಯ ಜಾಗ, ಬಿಲ್ಲುಗಾಲು ನೇರ ಮಾಡಲು ಟಿಬಿಯಾ ಸೀಳಿದಾಗ ಬೀಳುವ ತ್ರಿಕೋನದ ಸಂದು, ಹಿಮ್ಮಡಿ ಮೂಳೆಯ ಕುಸಿತ, ಎಲ್ಲಕ್ಕೂ ಒಗ್ಗುತ್ತದೆ.

ಡಬ್ಬಿಯ ಮೇಲೆ ನೋಡಬೇಕಾದ್ದು ಎರಡು ಅಂಕಿ. ಒಂದು ರಂಧ್ರಗಳ ಪಾಲು, ಇನ್ನೊಂದು ರಂಧ್ರದ ಅಳತೆ. ಸ್ಟ್ರೈಕರ್ ಮಾರುವ ವಿಟಾಸ್‌ನಲ್ಲಿ ಶೇ 90ರಷ್ಟು ಜಾಗ ಬರೀ ರಂಧ್ರ. ಕ್ರೋನಾಸ್‌ನಲ್ಲಿ ಸುಮಾರು ಶೇ 70. ರಂಧ್ರ ಹೆಚ್ಚಿದಷ್ಟೂ ರಕ್ತನಾಳ ಒಳಹೋಗುವುದು ಸುಲಭ, ಬಲ ಮಾತ್ರ ಕಡಿಮೆ. ಅಳತೆಯ ವಿಷಯಕ್ಕೆ ಬಂದರೆ 100 ಮೈಕ್ರಾನ್ ಕನಿಷ್ಠ, 300 ಮೈಕ್ರಾನ್ ದಾಟಿದರೆ ಒಳ್ಳೆಯದು. ಅಂಕಿಗಳ ಜತೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿವೆಯೇ? ಮುಚ್ಚಿದ ರಂಧ್ರ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಇದನ್ನು ಆಪರೇಷನ್ ಕೋಣೆಯಲ್ಲೇ (ಓಟಿ) ಪರೀಕ್ಷಿಸಬಹುದು. ಸ್ಟೀಲ್ ಬಟ್ಟಲಲ್ಲಿ ನಾಲ್ಕು ಕಾಳು ಹಾಕಿ ರೋಗಿಯ ರಕ್ತ ಮುಳುಗುವಷ್ಟು ಬಿಡಿ. ಐದು ನಿಮಿಷದ ಮೇಲೆ ಒಂದು ಕಾಳನ್ನು ಫೋರ್ಸೆಪ್ಸ್‌ನಲ್ಲಿ ಒಡೆದು ನೋಡಿ. ನಡುವಿನವರೆಗೂ ಕೆಂಪಾಗಿದ್ದರೆ ಸರಿ. ಹೊರಗೆ ಕೆಂಪು, ಒಳಗೆ ಸುಣ್ಣದಂತೆ ಬೆಳ್ಳಗಿದ್ದರೆ ರಂಧ್ರ ಮುಚ್ಚಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಗಾಳಿಯಾದರೆ ತೆಗೆಯುವುದು ಸುಲಭ. ಹರಳನ್ನು 20 ಎಂಎಲ್ ಸಿರಿಂಜಿಗೆ ಸುರಿದು, ರಕ್ತ ಎಳೆದುಕೊಂಡು, ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಪ್ಲಂಜರನ್ನು ಹಿಂದಕ್ಕೆಳೆಯಿರಿ. ಗುಳ್ಳೆಗಳು ಸರಸರನೆ ಮೇಲೆ ಬರುತ್ತವೆ. ಪ್ಲಂಜರ್ ಬಿಟ್ಟಾಗ ಗುಳ್ಳೆ ಬಿಟ್ಟ ಜಾಗಕ್ಕೆ ರಕ್ತ ನುಗ್ಗುತ್ತದೆ. ಮೂರು ನಾಲ್ಕು ಸಲ ಮಾಡಿದರೆ ಸಾಕು. ಸಲೈನ್‌ನಲ್ಲಿ ನೆನೆಸುವವರೂ ಇದ್ದಾರೆ. ಹಾಗೆ ಮಾಡಿದರೆ ರಂಧ್ರಗಳು ಉಪ್ಪುನೀರಿನಿಂದ ತುಂಬಿ ರಕ್ತಕ್ಕೆ ಜಾಗವೇ ಇರುವುದಿಲ್ಲ.

ರಕ್ತಕ್ಕಿಂತ ಮೂಳೆಮಜ್ಜೆ ಉತ್ತಮ. ಸೊಂಟದ ಅಂಚಿಗೆ ದಪ್ಪ ಸೂಜಿ ಹಾಕಿ ಎಳೆಯುವಾಗ ಒಂದು ಜಾಗದಿಂದ 2 ಎಂಎಲ್‌ಗೆ ನಿಲ್ಲಿಸಿ ಸೂಜಿಯ ಜಾಗ ಬದಲಿಸಬೇಕು. ಒಂದೇ ಕಡೆಯಿಂದ 10 ಎಂಎಲ್ ಎಳೆದರೆ ಸಿರಿಂಜ್ ತುಂಬುತ್ತದೆ ನಿಜ, ಆದರೆ ಅದರಲ್ಲಿ ಹೆಚ್ಚಿನದು ಸಾಮಾನ್ಯ ರಕ್ತ, ಮಜ್ಜೆಯ ಕೋಶಗಳು ತೆಳುವಾಗಿರುತ್ತವೆ.

ಎಷ್ಟು ಸಿಸಿ ತರಿಸಬೇಕೆಂಬ ಲೆಕ್ಕವನ್ನು ಸಿಟಿ ಸ್ಕ್ಯಾನ್ ನೋಡಿಯೇ ಮಾಡಬಹುದು. ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 0.52ರಿಂದ ಮತ್ತೆ ಗುಣಿಸಿ. 3, 2, 2 ಇದ್ದರೆ 12, ಅದರಲ್ಲಿ ಸುಮಾರು 6 ಸಿಸಿ. ತುಂಬುವಾಗ ಹರಳು ಸ್ವಲ್ಪ ಒತ್ತಿಕೊಳ್ಳುವುದರಿಂದ 5 ಸಿಸಿ ಪ್ಯಾಕ್ ಸಾಲದು, 10ರದ್ದು ತರಿಸಬೇಕು. ಲೆಕ್ಕ ಮಾಡದೆ ಬಂದವರು ಟೇಬಲ್ ಮೇಲೆ ಎರಡನೇ ಡಬ್ಬಿ ಒಡೆಸುತ್ತಾರೆ. ಅದರ ಬಿಲ್ಲು ಹೋಗುವುದು ರೋಗಿಯ ಮನೆಯವರ ತಲೆಗೆ.

ತುಂಬುವುದರಲ್ಲೂ ಹದವಿದೆ. ಮೊದಲು ಕ್ಯುರೆಟ್ ಎಂಬ ಕೆರೆಯುವ ಚಮಚದಿಂದ ಗೋಡೆ ಕೆರೆದು ರಕ್ತ ಜಿನುಗುವ ಮೂಳೆ ಕಾಣಬೇಕು. ಗೋಡೆ ಗಟ್ಟಿಯಾಗಿ ಬಿಳುಚಿಕೊಂಡಿದ್ದರೆ 2 ಮಿಲಿಮೀಟರ್ ಡ್ರಿಲ್‌ನಿಂದ ಅಲ್ಲಲ್ಲಿ ತೂತು ಮಾಡಬೇಕು. ಹರಳನ್ನು ಮೂಲೆಗಳಿಂದ ತುಂಬುತ್ತಾ ಬಂದು ಟ್ಯಾಂಪ್ ಎಂಬ ಒತ್ತುಗೋಲಿನಿಂದ ಮೆಲ್ಲಗೆ ಒತ್ತಬೇಕು. ಹರಳು ಮತ್ತು ಗೋಡೆಯ ನಡುವೆ ಸಂದು ಉಳಿದರೆ ಅಲ್ಲಿ ನಾರಿನ ಅಂಗಾಂಶ ಬೆಳೆದು ಮೂಳೆ ಒಳಬರುವುದನ್ನು ತಡೆಯುತ್ತದೆ. ಅತಿಯಾಗಿ ಸುತ್ತಿಗೆ ಹೊಡೆದರೂ ಕೆಟ್ಟಿತು. ಕಾಳು ಪುಡಿಯಾಗಿ, ರಂಧ್ರ ನಾಶವಾಗಿ, ಆ ಪುಡಿಯೇ ಉರಿಯೂತ ಎಬ್ಬಿಸುತ್ತದೆ. ಕಾಳಿನ ಗಾತ್ರವನ್ನು ಪೊಳ್ಳಿಗೆ ತಕ್ಕಂತೆ ಆರಿಸಬೇಕು. ಬೆರಳ ಮೂಳೆಗೆ 0.5ರಿಂದ 1 ಮಿಲಿಮೀಟರ್, ಟಿಬಿಯಾ ಮೇಲ್ತುದಿಗೆ 1.4ರಿಂದ 2.8ರ ಆಸುಪಾಸು.

ಬಲದ ಮೇಲೆ ಭರವಸೆ ಬೇಡ. ಜಾಲರಿ ಮೂಳೆ ತಡೆಯುವ ಒತ್ತಡ ಸುಮಾರು 2ರಿಂದ 12 ಮೆಗಾಪಾಸ್ಕಲ್. ರಂಧ್ರಭರಿತ ಟಿಸಿಪಿ ಹೊಸದರಲ್ಲಿ ಅದರ ಒಳಗೇ ಬರುತ್ತದೆ, ಕರಗತೊಡಗಿದ ಮೇಲೆ ಇನ್ನೂ ಇಳಿಯುತ್ತದೆ. ಭಾರ ಹೊರುವುದು ಪ್ಲೇಟಿನ ಕೆಲಸ. ಹರಳು ತುಂಬಿದ್ದೇವೆಂದು ರೋಗಿಯನ್ನು ಬೇಗ ನಡೆಸುವಂತಿಲ್ಲ.

ಹೈಡ್ರಾಕ್ಸಿಅಪಟೈಟ್ ಮತ್ತು ಬೆರಕೆ ಹರಳು

ಹೈಡ್ರಾಕ್ಸಿಅಪಟೈಟ್ ಮೂಳೆಯ ಖನಿಜಕ್ಕೆ ಹತ್ತಿರದ್ದು, ಅನುಪಾತ 1.67. ಬೇಯಿಸಿ ಗಟ್ಟಿ ಮಾಡಿದ ಹೈಡ್ರಾಕ್ಸಿಅಪಟೈಟ್ ದೇಹದಲ್ಲಿ ಹತ್ತಾರು ವರ್ಷ ಕರಗದೆ ಕೂರುತ್ತದೆ. ಇದನ್ನು ಗುಣವೆಂದು ಮಾರುತ್ತಾರೆ. ಕೆಲವೆಡೆ ಗುಣವೂ ಹೌದು, ಆಕಾರ ಉಳಿಯಬೇಕಾದ ತಲೆಬುರುಡೆಯಲ್ಲೋ ದವಡೆಯಲ್ಲೋ. ಕೈಕಾಲಿನ ಮೂಳೆಯಲ್ಲಿ ಇದು ತೊಂದರೆಯೇ. ಎಕ್ಸ್‌ರೇಯಲ್ಲಿ ಬೆಳ್ಳಗೆ ಹೊಳೆಯುವ ಹರಳನ್ನು ಕೂಡಿದ ಮೂಳೆಯೆಂದು ತಿಳಿದು ಮೋಸಹೋಗುವುದು ಸುಲಭ. ಮತ್ತೆ ಅಲ್ಲೇ ಸ್ಕ್ರೂ ಹಾಕಬೇಕಾಗಿ ಬಂದರೆ ಡ್ರಿಲ್ ಜಾರುತ್ತದೆ.

ಈ ಎರಡನ್ನೂ ಬೆರೆಸಿದ್ದು ಬೈಫೇಸಿಕ್. ಶೇ 60 ಹೈಡ್ರಾಕ್ಸಿಅಪಟೈಟ್, ಶೇ 40 ಬೀಟಾ-ಟಿಸಿಪಿ ಹೆಚ್ಚು ಚಾಲ್ತಿಯಲ್ಲಿರುವ ಪ್ರಮಾಣ. ಟಿಸಿಪಿ ಭಾಗ ಕರಗಿ ಮೂಳೆ ಬರುತ್ತದೆ, ಉಳಿದದ್ದು ಗಾತ್ರ ಕಾಪಾಡುತ್ತದೆ. ಹಲ್ಲಿನ ವೈದ್ಯರಿಗೆ ಇದು ಹೇಳಿ ಮಾಡಿಸಿದ್ದು. ಹಲ್ಲು ಕಿತ್ತ ಗುಳಿಯನ್ನು ಇಂಪ್ಲಾಂಟ್‌ಗೆ ಉಳಿಸಿಕೊಳ್ಳಲು, ಮೇಲ್ದವಡೆಯ ಸೈನಸ್ ಎತ್ತಲು, 0.5ರಿಂದ 1 ಮಿಲಿಮೀಟರ್ ಕಾಳು ಸಾಕು. ಮೇಲೆ ಮೆಂಬ್ರೇನ್ (ತೆಳು ಪೊರೆ) ಹೊದಿಸದೆ ಹಾಕಿದರೆ ವಸಡಿನ ಅಂಗಾಂಶ ಒಳನುಗ್ಗುತ್ತದೆ, ಕಾಳುಗಳು ಒಂದೊಂದಾಗಿ ಬಾಯಿಗೆ ಬರುತ್ತವೆ.

ನಮ್ಮಲ್ಲೂ ಈ ಕೆಲಸ ನಡೆದಿದೆ. ಕೋಲ್ಕತ್ತದ ಕೇಂದ್ರೀಯ ಗಾಜು ಮತ್ತು ಸೆರಾಮಿಕ್ ಸಂಶೋಧನಾ ಸಂಸ್ಥೆ ಹೈಡ್ರಾಕ್ಸಿಅಪಟೈಟ್ ಮೇಲೆ, ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್ ಮೇಲೆ ವರ್ಷಗಟ್ಟಲೆ ದುಡಿದಿವೆ. ದೇಶೀಯ ಹರಳನ್ನು ಕೀಳೆಂದು ಬದಿಗೆ ಸರಿಸಲು ಕಾರಣವಿಲ್ಲ. ಮೇಲೆ ಹೇಳಿದ ಬಟ್ಟಲಿನ ಪರೀಕ್ಷೆಯಲ್ಲಿ ಪಾಸಾದರೆ, ಲೈಸೆನ್ಸ್ ಮತ್ತು ಬ್ಯಾಚ್ ಸರಿಯಿದ್ದರೆ, ಧೈರ್ಯವಾಗಿ ಬಳಸಬಹುದು.

ಕ್ಯಾಲ್ಸಿಯಂ ಸಲ್ಫೇಟ್: ಅಗ್ಗ, ಹಳತು, ಕೀವಿಗೆ ಮಾತ್ರ

ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. 1892ರಲ್ಲೇ ಜರ್ಮನಿಯ ಡ್ರೀಸ್‌ಮನ್ ಇದನ್ನು ಮೂಳೆಯ ಪೊಳ್ಳಿಗೆ ತುಂಬಿದ್ದರು. ಇಂದು ಸಿಗುವುದು ಶುದ್ಧೀಕರಿಸಿದ ಪುಡಿ. ಸ್ಟಿಮುಲಾನ್, ಆಸ್ಟಿಯೊಸೆಟ್ ಹೆಸರುಗಳು ಓಟಿಯಲ್ಲಿ ಕೇಳಿಬರುತ್ತವೆ.

ಬರೀ ಪೊಳ್ಳು ತುಂಬುವುದಕ್ಕೆ ಇದನ್ನು ನಾವು ಒಪ್ಪುವುದಿಲ್ಲ. 4ರಿಂದ 12 ವಾರಗಳಲ್ಲಿ ಕರಗಿ ಮಾಯವಾಗುತ್ತದೆ, ಮೂಳೆ ಅಷ್ಟು ಬೇಗ ಬರುವುದಿಲ್ಲ. ಎತ್ತಿದ ಕೀಲಿನಡಿ ಹಾಕಿದರೆ ಎರಡನೇ ತಿಂಗಳಲ್ಲಿ ಅಲ್ಲಿ ಮತ್ತೆ ಪೊಳ್ಳೇ. ಆದರೆ ಹಳೆಯ ಕೀವುಹಿಡಿದ ಮೂಳೆಯಲ್ಲಿ ಇದೇ ದೌರ್ಬಲ್ಯ ಕೆಲಸಕ್ಕೆ ಬರುತ್ತದೆ. ಆ್ಯಂಟಿಬಯಾಟಿಕ್ ಬೆರೆಸಿ ಮಣಿ ಮಾಡಿಟ್ಟರೆ ಔಷಧಿಯನ್ನು ಅಲ್ಲಲ್ಲೇ ಬಿಟ್ಟು ತಾನೂ ಕರಗುತ್ತದೆ. ಕರಗದ ಪ್ಲಾಸ್ಟಿಕ್ ಆದ ಪಿಎಂಎಂಎ ಸಿಮೆಂಟಿನ ಮಣಿಯಂತೆ ತೆಗೆಯಲು ಇನ್ನೊಂದು ಆಪರೇಷನ್ ಬೇಡ.

ವಾಡಿಕೆಯ ಮಿಶ್ರಣ: 10 ಸಿಸಿ ಪ್ಯಾಕಿಗೆ 1 ಗ್ರಾಂ ವ್ಯಾಂಕೊಮೈಸಿನ್ ಪುಡಿ, 240 ಮಿಲಿಗ್ರಾಂ ಜೆಂಟಾಮೈಸಿನ್. ನಮ್ಮಲ್ಲಿ ಜೆಂಟಾಮೈಸಿನ್ 2 ಎಂಎಲ್‌ನಲ್ಲಿ 80 ಮಿಲಿಗ್ರಾಂ ಇರುವ ಆಂಪೂಲ್‌ನಲ್ಲಿ ಬರುತ್ತದೆ, ಹಾಗಾಗಿ ಮೂರು ಆಂಪೂಲ್, 6 ಎಂಎಲ್. ಎಡವಟ್ಟಾಗುವುದು ಇಲ್ಲೇ. ಆ 6 ಎಂಎಲ್ ದ್ರವ ಪ್ಯಾಕಿನಲ್ಲಿ ಬರುವ ಮಿಶ್ರಣ ದ್ರವದ ಬದಲಿಗೆ, ಅದರ ಜತೆಗಲ್ಲ. ಎರಡನ್ನೂ ಸುರಿದರೆ ಹಿಟ್ಟು ತೆಳ್ಳಗಾಗಿ ಅರ್ಧ ಗಂಟೆಯಾದರೂ ಗಟ್ಟಿಯಾಗದು. ಮೊದಲು ಸಲ್ಫೇಟ್ ಪುಡಿ, ವ್ಯಾಂಕೊಮೈಸಿನ್ ಪುಡಿ ಎರಡನ್ನೂ ಸೇರಿಸಿ ಒಣದರಲ್ಲೇ ಕಲಸಿ, ಆಮೇಲೆ ದ್ರವ ಹಾಕಿ ಅರ್ಧ ನಿಮಿಷ ತಿರುವಿ, ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಹದಕ್ಕೆ ಬಂದಾಗ ಮಣಿ ಅಚ್ಚಿಗೆ ಸವರಬೇಕು. ಓಟಿಯ ಎಸಿ 18 ಡಿಗ್ರಿಗೆ ಇಟ್ಟಿದ್ದರೆ ಗಟ್ಟಿಯಾಗುವುದು ನಿಧಾನ. ಗಟ್ಟಿಯಾಗುವ ಮೊದಲೇ ಅಚ್ಚನ್ನು ಬಗ್ಗಿಸಿ ನೋಡುವ ಅವಸರದಿಂದ ಅರ್ಧ ಮಣಿಗಳು ಮುರಿಯುತ್ತವೆ. ಒಂದು ಚೂರು ಹಿಟ್ಟನ್ನು ಬದಿಗಿಟ್ಟು ಉಗುರಿನಿಂದ ಒತ್ತಿ ನೋಡುವುದೇ ಜಾಣತನ. ಗುರುತು ಬೀಳದಿದ್ದರೆ ಅಚ್ಚು ಬಿಚ್ಚಬಹುದು.

ರೋಗಿಗೆ ಮುಂಚೆಯೇ ಹೇಳಬೇಕಾದ ಸಂಗತಿ ಒಂದಿದೆ. ಹೊಲಿಗೆಯ ಸಂದಿನಿಂದ ತಿಳಿ ನೀರೋ ಹಾಲಿನಂಥ ಬಿಳಿ ದ್ರವವೋ ಕೆಲವು ವಾರ ಸೋರಬಹುದು. ಕೀವು ಮತ್ತೆ ಬಂತೆಂದು ಮನೆಯವರು ಗಾಬರಿಯಾಗುತ್ತಾರೆ, ಕೆಲವೊಮ್ಮೆ ಡ್ಯೂಟಿ ಡಾಕ್ಟರೂ. ಜ್ವರ, ಊತ, ಕೆಂಪು ಇಲ್ಲದೆ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಇಳಿಯುತ್ತಿದ್ದು ಬರೀ ಸೋರಿಕೆಯಿದ್ದರೆ ಡ್ರೆಸಿಂಗ್ ಮಾಡುತ್ತಾ ಕಾಯಬೇಕು. ಟಿಬಿಯಾದ ಮುಂಭಾಗದಂತೆ ತೊಗಲು ತೆಳುವಿರುವ ಕಡೆ ಸೋರಿಕೆ ಹೆಚ್ಚು. ಮಣಿಗಳನ್ನು ಮೂಳೆಯೊಳಗೇ ಇಟ್ಟು ತೊಗಲಡಿ ಕಮ್ಮಿ ಮಾಡಿದರೆ ಸೋರಿಕೆಯೂ ಕಮ್ಮಿ. ಹೆಚ್ಚು ಪ್ರಮಾಣ ಹಾಕಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದು ವರದಿಯಾಗಿದೆ. ಕಿಡ್ನಿ ತೊಂದರೆ ಇದ್ದವರಲ್ಲಿ ಮೊದಲ ವಾರ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಎರಡನ್ನೂ ನೋಡುತ್ತಿರಬೇಕು.

ಸ್ವೀಡನ್ನಿನ ಬೋನ್‌ಸಪೋರ್ಟ್ ತಯಾರಿಸುವ ಸೆರಮೆಂಟ್ ಜಿ ಇದೇ ಯೋಚನೆಯ ಮುಂದಿನ ಹೆಜ್ಜೆ. ಶೇ 60 ಕ್ಯಾಲ್ಸಿಯಂ ಸಲ್ಫೇಟ್, ಶೇ 40 ಹೈಡ್ರಾಕ್ಸಿಅಪಟೈಟ್, ಪ್ರತಿ ಎಂಎಲ್‌ಗೆ 17.5 ಮಿಲಿಗ್ರಾಂ ಜೆಂಟಾಮೈಸಿನ್. ಸಲ್ಫೇಟ್ ಕರಗಿ ಔಷಧಿ ಬಿಡುತ್ತದೆ, ಹೈಡ್ರಾಕ್ಸಿಅಪಟೈಟ್ ಹಂದರವಾಗಿ ಉಳಿಯುತ್ತದೆ. 2016ರಲ್ಲಿ ಆಕ್ಸ್‌ಫರ್ಡ್ ತಂಡ 100 ರೋಗಿಗಳ ಹಳೆಯ ಮೂಳೆ ಸೋಂಕಿನ ಫಲಿತಾಂಶ ಪ್ರಕಟಿಸಿತು. 96 ಮಂದಿಯಲ್ಲಿ ಸೋಂಕು ಹೋಗಿತ್ತು. ಆದರೆ ಅಲ್ಲಿ ಸತ್ತ ಮೂಳೆಯನ್ನು ಕೆತ್ತಿ ತೆಗೆದ ರೀತಿ, ಅದೇ ದಿನ ತೊಗಲು ಮುಚ್ಚಿದ ರೀತಿ ಕೂಡ ಲೆಕ್ಕಕ್ಕೆ ಬರಬೇಕು. ಸತ್ತ ಮೂಳೆ ಉಳಿಸಿ ಮೇಲೆ ದುಬಾರಿ ಪೇಸ್ಟ್ ಸುರಿದರೆ ಆ ಫಲಿತಾಂಶ ಬರದು.

ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್: ಕುಸಿದ ಕೀಲಿಗೆ ಅತ್ಯುತ್ತಮ, ಕೈ ಪಳಗಿದ್ದರೆ

ಆರಂಭದಲ್ಲಿ ಹೇಳಿದ ಟಿಬಿಯಾ ಮುರಿತಕ್ಕೆ ಈ ಇಡೀ ಗುಂಪಿನಲ್ಲಿ ಒಳ್ಳೆಯ ಸಾಕ್ಷ್ಯ ಇರುವುದು ಇದಕ್ಕೇ. 2008ರಲ್ಲಿ ಪ್ರಕಟವಾದ, ಉತ್ತರ ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 120 ಮುರಿತಗಳಲ್ಲಿ ಮಾಡಿದ ಹೋಲಿಕೆಯಲ್ಲಿ ಸೊಂಟದ ಮೂಳೆ ತುಂಬಿದವರಲ್ಲಿ ಕೀಲು ಮತ್ತೆ ಇಳಿದದ್ದು ಹೆಚ್ಚು, ಸಿಮೆಂಟ್ ಹಾಕಿದವರಲ್ಲಿ ಕಡಿಮೆ. ಸ್ವಂತ ಮೂಳೆಯನ್ನು ಡಬ್ಬಿ ಸೋಲಿಸಿದ ಅಪರೂಪದ ಉದಾಹರಣೆ ಇದು. ಕಾರಣ ಸರಳ: ಆ ಜಾಗದಲ್ಲಿ ಬೇಕಿದ್ದದ್ದು ತಕ್ಷಣದ ಆಸರೆ, ಜೀವಕೋಶವಲ್ಲ.

ಪುಡಿಗೆ ದ್ರವ ಸೇರಿಸಿದರೆ ಕೆಲವೇ ನಿಮಿಷಗಳಲ್ಲಿ ದೇಹದ ಶಾಖದಲ್ಲೇ ಅಪಟೈಟ್ ಆಗಿ ಗಟ್ಟಿಯಾಗುತ್ತದೆ. ಪಿಎಂಎಂಎಯಂತೆ ಕಾದು ಸುತ್ತಲಿನ ಮೂಳೆ ಸುಡುವುದಿಲ್ಲ. ನೋರಿಯನ್ ಎಂಬ ಸಿಮೆಂಟಿನ ಪ್ರಕಟಿತ ಅಂಕಿಗಳನ್ನು ನೋಡಿದರೆ ಗುಣದೋಷ ಎರಡೂ ಅರ್ಥವಾಗುತ್ತವೆ. ಹತ್ತು ನಿಮಿಷಕ್ಕೆ 10 ಮೆಗಾಪಾಸ್ಕಲ್, ಹನ್ನೆರಡು ಗಂಟೆಯ ಹೊತ್ತಿಗೆ ಸುಮಾರು 55, ಅಂದರೆ ಜಾಲರಿ ಮೂಳೆಗಿಂತ ಎಷ್ಟೋ ಮೇಲು. ಇದು ಅದುಮಿದಾಗಿನ ಬಲ. ಎಳೆದಾಗಿನ ಬಲ ಬರೀ 2ರ ಆಸುಪಾಸು. ಹಾಗಾಗಿ ತಿರುಚುವ, ಬಾಗುವ ಜಾಗದಲ್ಲಿ ಇದು ಬಿರಿಯುತ್ತದೆ. ತೊಡೆಮೂಳೆಯ ನಡುಭಾಗದ ಅಂತರಕ್ಕೆ ಸಿಮೆಂಟ್ ಹಾಕುವುದೆಂದರೆ ಹಣ ನೀರಿಗೆ ಸುರಿದಂತೆಯೇ ಸರಿ.

ಕ್ರಮ ಹೀಗಿರಲಿ. ಕೀಲು ಎತ್ತಿ ಕೆ-ವೈರ್ ಎಂಬ ತೆಳು ಲೋಹದ ಕಡ್ಡಿಯಲ್ಲಿ ಹಿಡಿದು, ಪ್ಲೇಟು ಮತ್ತು ಸ್ಕ್ರೂಗಳನ್ನು ಮೊದಲೇ ಬಿಗಿದುಬಿಡಬೇಕು. ಸಿಮೆಂಟ್ ಕೊನೆಗೆ. ಮೊದಲು ಸಿಮೆಂಟ್ ಹಾಕಿ ಆಮೇಲೆ ಸ್ಕ್ರೂ ಹೊಡೆದರೆ ಅರೆಗಟ್ಟಿಯಾದ ಸಿಮೆಂಟಿನಲ್ಲಿ ಬಿರುಕು ಖಂಡಿತ. ಪೊಳ್ಳನ್ನು ಸಲೈನ್‌ನಿಂದ ತೊಳೆದು, ಸಕ್ಷನ್ ಹಾಕಿ, ಗಾಜ್ ತುಂಬಿ ಒಂದು ನಿಮಿಷ ಒತ್ತಿ ಹಿಡಿದು ಒಣಗಿಸಿ. ರಕ್ತ ಸೇರಿದ ಪೇಸ್ಟ್ ಗಟ್ಟಿಯಾಗದೆ ಕೊಚ್ಚಿಹೋಗುತ್ತದೆ. ಸೂಜಿಯನ್ನು ಪೊಳ್ಳಿನ ಆಳಕ್ಕಿಟ್ಟು ಹಿಂದಕ್ಕೆ ಎಳೆಯುತ್ತಾ ತುಂಬಿ. ಮುಂದಿನಿಂದ ತುಂಬಿದರೆ ಆಳದಲ್ಲಿ ಗಾಳಿ ಉಳಿಯುತ್ತದೆ. ಟೇಬಲ್ ಪಕ್ಕದ ಎಕ್ಸ್‌ರೇ ಯಂತ್ರವಾದ ಸಿ-ಆರ್ಮ್‌ನಲ್ಲಿ ಎರಡೂ ಕೋನದಿಂದ ನೋಡುತ್ತಲೇ ಇರಬೇಕು. ಕೀಲಿನೊಳಗೆ ಹೋದ ಸಿಮೆಂಟನ್ನು ಮೆತ್ತಗಿರುವಾಗಲೇ ತೆಗೆಯದಿದ್ದರೆ ಅದು ಮರಳುಕಾಗದದಂತೆ ಮೃದ್ವಸ್ಥಿಯನ್ನು ಉಜ್ಜುತ್ತದೆ. ಆಮೇಲಿನ ಹತ್ತು ನಿಮಿಷ ಯಾರೂ ಕಾಲು ಅಲುಗಿಸಬಾರದು. ಅಸಿಸ್ಟೆಂಟಿಗೆ ಇದನ್ನು ಮೊದಲೇ ಹೇಳಿಡಿ.

ಬೆನ್ನುಮೂಳೆಗೆ ಒತ್ತಡದಿಂದ ತುಂಬುವ ಪ್ರಯತ್ನ ಬೇಡವೇ ಬೇಡ. 2002ರಿಂದ 2004ರ ನಡುವೆ ಅಮೆರಿಕದಲ್ಲಿ ನೋರಿಯನ್ ಎಕ್ಸ್‌ಆರ್ ಅನ್ನು ಅನುಮತಿಯಿಲ್ಲದ ಉದ್ದೇಶಕ್ಕೆ, ಕುಸಿದ ಬೆನ್ನುಮೂಳೆಗೆ ಬಳಸಿದಾಗ ಮೂವರು ರೋಗಿಗಳು ಆಪರೇಷನ್ ಟೇಬಲ್ ಮೇಲೇ ತೀರಿಕೊಂಡರು. ನೋರಿಯನ್ ಮತ್ತು ಅದರ ಮಾತೃಸಂಸ್ಥೆ ಸಿಂಥೆಸ್ 2010ರಲ್ಲಿ ತಪ್ಪೊಪ್ಪಿಕೊಂಡವು, ನಾಲ್ವರು ಅಧಿಕಾರಿಗಳು ಜೈಲಿಗೆ ಹೋದರು. ಸಿಮೆಂಟ್ ರಕ್ತದೊಳಗೆ ನುಗ್ಗಿದರೆ ಗರಣೆಗಟ್ಟಿಸಬಲ್ಲದೆಂಬ ಸುಳಿವು ಅದಕ್ಕೂ ಮೊದಲೇ ಕಂಪನಿಗೆ ಸಿಕ್ಕಿತ್ತು. ಬೇರೆ ಜಾಗಕ್ಕೆ ಪರವಾನಗಿ ಇದೆ ಎಂದ ಮಾತ್ರಕ್ಕೆ ಇಲ್ಲಿಗೂ ನಡೆಯುತ್ತದೆ ಎನ್ನುವ ಕಂಪನಿಯ ಮಾರಾಟ ಪ್ರತಿನಿಧಿಗೆ (ರೆಪ್) ಈ ಪ್ರಕರಣ ನೆನಪಿಸಿದರೆ ಸಾಕು.

ಬಯೋಆಕ್ಟಿವ್ ಗಾಜು

1969ರಲ್ಲಿ ಫ್ಲಾರಿಡಾದಲ್ಲಿ ಲ್ಯಾರಿ ಹೆಂಚ್ ಮಾಡಿದ 45ಎಸ್5 ಇದರ ಮೂಲ. ಶೇ 45 ಸಿಲಿಕಾ, ಸೋಡಿಯಂ ಆಕ್ಸೈಡ್ ಮತ್ತು ಕ್ಯಾಲ್ಸಿಯಂ ಆಕ್ಸೈಡ್ ತಲಾ 24.5, ಫಾಸ್ಫರಸ್ ಪೆಂಟಾಕ್ಸೈಡ್ 6. ದೇಹದ್ರವ ತಗುಲಿದಾಗ ಮೇಲ್ಮೈಯಲ್ಲಿ ಅಪಟೈಟ್ ಪದರ ಮೂಡಿ ಮೂಳೆಗೆ ಕಚ್ಚಿಕೊಳ್ಳುತ್ತದೆ. ಫಿನ್‌ಲೆಂಡಿನ ಬೋನಲೈವ್ ಬಳಸುವುದು ಎಸ್53ಪಿ4, ಸಿಲಿಕಾ ಶೇ 53. ಇದರಿಂದ ಬಿಡುಗಡೆಯಾಗುವ ಅಯಾನುಗಳು ಸುತ್ತಲಿನ ಪಿಎಚ್ ಮತ್ತು ಆಸ್ಮಾಟಿಕ್ ಒತ್ತಡ ಏರಿಸಿ ಬ್ಯಾಕ್ಟೀರಿಯಾಕ್ಕೆ ಉಸಿರುಗಟ್ಟಿಸುತ್ತವೆ. ಆ್ಯಂಟಿಬಯಾಟಿಕ್ ಬೆರೆಸದೆಯೇ ಸೋಂಕಿಗೆ ಬಳಸಬಹುದಾದ್ದರಿಂದ ಔಷಧಿಗೆ ಬಗ್ಗದ ಕ್ರಿಮಿ ಇರುವ ಕಡೆ ಇದು ಉಪಯುಕ್ತ. ಸಲೈನ್‌ನಲ್ಲಿ ಒದ್ದೆ ಮಾಡಿ, ಒದ್ದೆ ಮರಳಿನ ಹದಕ್ಕೆ ಬಂದ ಮೇಲೆ ತುಂಬಬೇಕು. ಕರಗಲು ವರ್ಷಗಳೇ ಬೇಕು. ಬೆಲೆ ಮಾತ್ರ ಕೈಕಚ್ಚುತ್ತದೆ, ಸೋಂಕಿಲ್ಲದ ಪೊಳ್ಳಿಗೆ ಇಷ್ಟು ಕೊಡುವ ಅಗತ್ಯ ಕಾಣುವುದಿಲ್ಲ.

ಪಿಸಿಎಲ್ ಎಂಬ, ದೇಹದಲ್ಲಿ ನಿಧಾನವಾಗಿ ಕರಗುವ ಪ್ಲಾಸ್ಟಿಕ್ಕಿನ ತ್ರೀಡಿ ಮುದ್ರಿತ ಜಾಲರಿಗಳೂ ಬಂದಿವೆ. ತಲೆಬುರುಡೆಗೆ ಕೊರೆದ ಸಣ್ಣ ತೂತು ಮುಚ್ಚಲು ಚೆನ್ನ. ಕೈಕಾಲಿಗೆ ದಿನನಿತ್ಯದ ಆಯ್ಕೆಯಾಗಲು ಇನ್ನೂ ಸಮಯವಿದೆ.

ಡಬ್ಬಿ ಕೈಗೆ ಬಂದಾಗ

ಕೃತಕ ಎಂದು ಬರೆದಿರುವುದೆಲ್ಲ ಪೂರ್ತಿ ಕೃತಕವಲ್ಲ. ಸ್ಟ್ರಿಪ್, ಫೋಮ್ ರೂಪದ ಹಲವು ಉತ್ಪನ್ನಗಳಲ್ಲಿ ಹರಳನ್ನು ಹಿಡಿದಿಡಲು ಹಸುವಿನ ಕೊಲಾಜೆನ್ ಬೆರೆಸಿರುತ್ತಾರೆ. ವಿಟಾಸ್ ಫೋಮ್‌ನಲ್ಲೂ ಇದೆ. ದಂತವೈದ್ಯರು ಹೆಚ್ಚು ಬಳಸುವ ಬಯೋ-ಆಸ್ ಇಡಿಯಾಗಿ ಹಸುವಿನ ಮೂಳೆಯಿಂದ ಆದದ್ದು. ನಮ್ಮಲ್ಲಿ ಎಷ್ಟೋ ಮನೆಯವರಿಗೆ ಇದು ಸಣ್ಣ ವಿಷಯವಲ್ಲ. ಆಪರೇಷನ್‌ಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು, ಬೇಡವೆಂದರೆ ಕೊಲಾಜೆನ್ ಇಲ್ಲದ ಬರೀ ಹರಳು ತರಿಸಬೇಕು. ರೆಪ್ ಬಾಯಿಮಾತಿನಲ್ಲಿ ಇಲ್ಲವೆಂದರೆ ಸಾಲದು, ಒಳಗಿನ ಸೂಚನಾ ಪತ್ರದಲ್ಲಿ ಘಟಕಗಳ ಸಾಲು ಓದಿ.

ಲೇಬಲ್ ಮೇಲೆ ಲೈಸೆನ್ಸ್ ಸಂಖ್ಯೆ ಇರಲೇಬೇಕು. ಆಮದಿನದ್ದಾದರೆ ಎಂಡಿ-15 ಎಂಬ ಆಮದು ಲೈಸೆನ್ಸಿನ ಸಂಖ್ಯೆ ಮತ್ತು ಆಮದುದಾರರ ವಿಳಾಸ, ಜತೆಗೆ ಬ್ಯಾಚ್, ಅವಧಿ, ಎಂಆರ್‌ಪಿ. ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಎಂಆರ್‌ಪಿ ಏರಿಸುವಂತಿಲ್ಲ ಎಂಬ ನಿಯಮ ವೈದ್ಯಕೀಯ ಸಾಧನಗಳಿಗೂ ಅನ್ವಯಿಸುತ್ತದೆ. ಡಬ್ಬಿಯೊಳಗಿನ ಸ್ಟಿಕ್ಕರನ್ನು ಕೇಸ್‌ಶೀಟ್‌ಗೂ ರೋಗಿಯ ಡಿಸ್ಚಾರ್ಜ್ ಕಾರ್ಡ್‌ಗೂ ಅಂಟಿಸಿ. ಐದು ವರ್ಷದ ಮೇಲೆ ಇನ್ನೊಬ್ಬ ಸರ್ಜನ್ ಎಕ್ಸ್‌ರೇಯಲ್ಲಿ ಬಿಳಿ ಕಲೆ ನೋಡಿ ಗಡ್ಡೆಯೆಂದು ಬಯಾಪ್ಸಿಗೆ ಹೊರಡುವುದು ಅದರಿಂದ ತಪ್ಪುತ್ತದೆ.

ಉಳಿದ ಹರಳನ್ನು ಆಟೋಕ್ಲೇವ್ ಮಾಡಿ ಮುಂದಿನ ರೋಗಿಗೆ ಎತ್ತಿಡುವ ಪದ್ಧತಿ ಅಲ್ಲಲ್ಲಿ ಇನ್ನೂ ಇದೆ. ತೆರೆದ ಡಬ್ಬಿ ಒಬ್ಬರಿಗೆ ಮಾತ್ರ. ಸಲ್ಫೇಟ್ ಮತ್ತು ಸಿಮೆಂಟ್ ಪುಡಿಯಂತೂ ಹಬೆ ತಗುಲಿದರೆ ಗಡ್ಡೆಗಟ್ಟಿ ಕೆಡುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಒಳಗಿನ ಫಾಯಿಲ್ ಪೌಚನ್ನು ಕಲಸುವ ಕ್ಷಣದವರೆಗೂ ಹರಿಯಬೇಡಿ.

ಎಕ್ಸ್‌ರೇಗಳನ್ನು ಆಪರೇಷನ್ ಆದ ದಿನ, 6 ವಾರ, 3 ತಿಂಗಳು, 6 ತಿಂಗಳು, 1 ವರ್ಷಕ್ಕೆ ತೆಗೆದು ಒಂದರ ಪಕ್ಕ ಒಂದಿಟ್ಟು ನೋಡಬೇಕು. ಮೊದಲ ವಾರಗಳಲ್ಲಿ ಹರಳು ಮತ್ತು ಗೋಡೆಯ ನಡುವೆ ಕಪ್ಪು ಗೆರೆ ಕಾಣುವುದು ಸಹಜ. ಟಿಸಿಪಿಯಾದರೆ ಮೂರನೇ ತಿಂಗಳ ಹೊತ್ತಿಗೆ ಆ ಗೆರೆ ಮಸುಕಾಗಿ ಕಾಳುಗಳ ಅಂಚು ಕಲೆಸಿಹೋಗಬೇಕು. ಗೆರೆ ಹಾಗೇ ಇದ್ದು ಕಾಳುಗಳು ಮೊದಲ ದಿನದಷ್ಟೇ ಚೂಪಾಗಿ ಕಂಡರೆ ಒಳಗೆ ಮೂಳೆ ಬಂದಿಲ್ಲ, ನಡಿಗೆ ಮುಂದೂಡಿ. ಗೆರೆ ಅಗಲವಾಗುತ್ತಿದ್ದರೆ, ರಾತ್ರಿ ನೋವೂ ಇದ್ದರೆ, ಇನ್ನೊಂದು ಎಕ್ಸ್‌ರೇಗೆ ಕಾಯದೆ ಸಿಆರ್‌ಪಿ ಮತ್ತು ಸಿಟಿ ಮಾಡಿಸಿ.